ಮೇಲಿನವರು ಕೆಳಗಿಳಿದದ್ದು

ನಮ್ಮ ಕಚೇರಿ ಒಂದು ಮುದ್ರಣಾಲಯದ ಮಹಡಿಯ ಮೇಲಿತ್ತು. ಕೆಳಗೆ ಯಂತ್ರ ಓಡತೊಡಗಿದರೆ ಮೇಲೆ ನಮ್ಮ ಮೇಜಿನ ತಟ್ಟೆಯಲ್ಲಿದ್ದ ಗುಂಡುಸೂಜಿಗಳು ನಡುಗುತ್ತ ನಡುಗುತ್ತ ಒಂದು ಮೂಲೆಗೆ ಹೋಗಿ ಸೇರಿಕೊಳ್ಳುತ್ತಿದ್ದವು. ಈಗ ಆ ಕಟ್ಟಡ ಇಲ್ಲ. ಅಲ್ಲಿ ಕೆಲಸ ಮಾಡಿದವರಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಉಳಿದಿಲ್ಲ. ಆದರೂ ಯಾವುದಾದರೂ ಬಸ್ಸಿನಲ್ಲಿ ಕಿಟಕಿಯ ಗಾಜು ಸಣ್ಣಗೆ ಗದಗುಟ್ಟಿದರೆ ಸಾಕು, ಶಾಯಿಯ ವಾಸನೆ ಮೂಗಿಗೆ ಬಂದುಬಿಡುತ್ತದೆ, ನನಗೆ ಮತ್ತೆ ಇಪ್ಪತ್ತಮೂರು ವರ್ಷವಾಗುತ್ತದೆ.

ಅದು ಕುಟುಂಬ ಕಲ್ಯಾಣದ ಕಚೇರಿ. ಮನೆಗಳಲ್ಲಿ ಏನಾದರೂ ಕೆಟ್ಟರೆ ಜನ ಅಲ್ಲಿಗೆ ಬರುತ್ತಿದ್ದರು. ಕುಡಿಯುವ ಗಂಡ, ಶಾಲೆ ಬಿಟ್ಟ ಮಗಳು, ಮಾತು ಬಿಟ್ಟ ಅತ್ತೆ ಸೊಸೆ. ನಾವು ಮನೆಮನೆಗೆ ಹೋಗಿ, ಕೂತು, ಮಾತಾಡಿ, ಬಂದು ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರಿಗೆ ಮೂರು ಅಂಕಣ: ಸಮಸ್ಯೆ, ಕ್ರಮ, ಪ್ರಗತಿ. ಸೂಪರಿಂಟೆಂಡೆಂಟ್ ಅಮ್ಮನವರು ತಿಂಗಳ ಕೊನೆಗೆ ಮೂರನೆಯ ಅಂಕಣವನ್ನು ಮಾತ್ರ ಓದುತ್ತಿದ್ದರು.

ನನ್ನ ಎದುರು ಮೇಜಿನಲ್ಲಿ ಮೇಷ್ಟ್ರು. ಅವರು ಹತ್ತೊಂಬತ್ತು ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವರು. ಶಾಲೆಯಲ್ಲಿ ವಿಜ್ಞಾನ ವಿಭಾಗ ಮುಚ್ಚಿದ ಮೇಲೆ ಸಮಾಜಕಾರ್ಯದ ಡಿಪ್ಲೊಮಾ ಮಾಡಿಕೊಂಡು ಐವತ್ತರ ಹತ್ತಿರದಲ್ಲಿ ಈ ಕೆಲಸಕ್ಕೆ ಸೇರಿದ್ದರು. ಶಾಲೆ ಬಿಟ್ಟಿದ್ದರೂ ಜೇಬಿನಲ್ಲಿ ಸೀಮೆಸುಣ್ಣ ಬಿಟ್ಟಿರಲಿಲ್ಲ. ಯಾರ ಮನೆಯ ಜಗಳದ ವಿಷಯ ಬಂದರೂ ಬಗ್ಗಿ ನೆಲದ ಮೇಲೆ ಬಾಣದ ಗುರುತು ಎಳೆಯುವುದೇ. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲಮ್ಮ, ಬಲದ ಪಾಠ ಪೂರ್ತಿ ಅದರಲ್ಲೇ ಇದೆ. ಎಲ್ಲರೂ ಎತ್ತು ಒಳ್ಳೇದಾ ಕೋಣ ಒಳ್ಳೇದಾ ಅಂತ ಕೇಳ್ತಾರೆ. ಗಾಡಿ ಯಾವ ಕಡೆ ಹೋಗ್ತಿದೆ ಅಂತ ಯಾರೂ ನೋಡಲ್ಲ," ಎನ್ನುತ್ತಿದ್ದರು. ಕಸ ಗುಡಿಸುವ ಆಯಾ ದಿನಾ ಬೆಳಿಗ್ಗೆ ಆ ಬಾಣಗಳನ್ನು ಒರೆಸುತ್ತ, "ಯಾರ ಸಂಸಾರವೋ ಏನೋ, ನನ್ನ ಸೊಂಟ ಹೋಯ್ತು," ಎಂದು ಗೊಣಗುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸ. ಅವಳು ಒಳಗೆ ಬಂದದ್ದೇ ಕೋಣೆಗೆಲ್ಲ ಸಿಹಿ ವಾಸನೆ ಬಂತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಮನೆಯವರು ಮೂರನೇ ಮಹಡೀಲಿ ಇದ್ದಾರೆ. ಅವರನ್ನ ಕೆಳಗಿಳಿಸಿ ಕೊಡಿ," ಎಂದಳು.

"ಕಾಲಿಗೆ ಏನಾದ್ರೂ..." ಎಂದೆ ನಾನು.

"ಕಾಲು ಚೆನ್ನಾಗಿದೆ. ನಲವತ್ತೆರಡು ಮೆಟ್ಟಿಲು. ನಾಲ್ಕು ವರ್ಷದಿಂದ ಇಳಿದಿಲ್ಲ."

ಆತ ರೈಲ್ವೆ ಬೋಗಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಸೂರಿನ ಕೆಳಗೆ, ಏಣಿ ಹತ್ತಿ ಹೋಗುವ ಒಂದು ಗಾಜಿನ ಪೆಟ್ಟಿಗೆಯಲ್ಲಿ ದಿನವಿಡೀ ಕೂತು ಭಾರ ಎತ್ತುವ ಕೆಲಸ. ಅಲ್ಲಿ ಎಲ್ಲರೂ ಅವರನ್ನು ಮೇಲಿನವರು ಎಂದೇ ಕರೆಯುತ್ತಿದ್ದರಂತೆ. ಎಲ್ಲ ಮೇಲಿನವರ ಇಚ್ಛೆ ಎಂಬುದು ಅಲ್ಲಿಯ ಹಳೆಯ ತಮಾಷೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಭಾರ ಕಟ್ಟಿದ್ದ ಉಕ್ಕಿನ ಹಗ್ಗ ಹರಿದು, ಭಾರ ಕೆಳಗೆ ಬಿತ್ತು. ಕೆಳಗಿದ್ದ ಒಬ್ಬ ಫಿಟ್ಟರ್ ಅಲ್ಲೇ ಹೋಗಿಬಿಟ್ಟ. ವಿಚಾರಣೆ ಆಯಿತು. ಹಗ್ಗ ಸವೆದಿತ್ತು, ಕ್ರೇನ್ ನಡೆಸುವವರ ತಪ್ಪಿಲ್ಲ ಎಂದು ಬರೆದುಕೊಟ್ಟರು. ಆದರೂ ಅವರು ಕೆಲಸಕ್ಕೆ ಹೋಗಲಿಲ್ಲ. ಆಮೇಲೆ ಬೀದಿಗೆ ಹೋಗುವುದು ನಿಂತಿತು, ಆಮೇಲೆ ಮೆಟ್ಟಿಲಿಗೆ ಬರುವುದೂ ನಿಂತಿತು.

ಕೇಸು ನನ್ನ ಪಾಲಿಗೆ ಬಂತು. ಪ್ರತಿ ಗುರುವಾರ ಹೋದೆ. ಎರಡು ಕೋಣೆಯ ಮನೆ, ತೊಳೆದಿಟ್ಟ ಹಾಗೆ ಚೊಕ್ಕಟ. ಅವರು ಕಿಟಕಿಯ ಮುಂದೆ, ನನಗೆ ಬೆನ್ನು ಹಾಕಿ ಮರದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅಗಲ ಹೆಗಲು, ಸಣ್ಣಗೆ ಕತ್ತರಿಸಿದ ತಲೆಗೂದಲು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ. ನಿಮ್ಮ ತಪ್ಪಿಲ್ಲ, ಮರೆತುಬಿಡಿ, ದಿನಾ ನಾಲ್ಕು ಮೆಟ್ಟಿಲು ಇಳಿಯಿರಿ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. "ಹ್ಞೂಂ" ಎನ್ನುವರು, ಅಷ್ಟೆ. ಹದಿನಾರು ಗುರುವಾರ ಹೋದೆ, ಮೂರನೆಯ ಅಂಕಣದಲ್ಲಿ ಹದಿನಾರು ಸಲ 'ಇಲ್ಲ' ಎಂದು ಬರೆದೆ.

ಸೂಪರಿಂಟೆಂಡೆಂಟ್ ಅಮ್ಮ ಕರೆದು, "ತಿಂಗಳ ಕೊನೆಗೆ ಈ ಫೈಲು ಮುಚ್ಚು. ಬಾಗಿಲಲ್ಲಿ ಜನ ಸಾಲು ನಿಂತಿದ್ದಾರೆ," ಎಂದರು.

ನಾನು ಬಂದು ಮೇಜಿಗೆ ತಲೆಯಿಟ್ಟು ಅತ್ತೆ. ಮೇಷ್ಟ್ರು ಎದ್ದು ಹೋದರು. ಅರ್ಧ ಗಂಟೆಯ ಮೇಲೆ ಗೋಣಿಚೀಲದ ತುಂಡಿನಲ್ಲಿ ಮಂಜುಗಡ್ಡೆ ಸುತ್ತಿಕೊಂಡು, ತೋಳಿಗೆಲ್ಲ ನೀರು ಇಳಿಸಿಕೊಂಡು ವಾಪಸ್ಸು ಬಂದರು. ಚಹಾ ಕಾಸುವ ಸೀಮೆಎಣ್ಣೆ ಸ್ಟೌವಿನ ಮೇಲೆ ಅಲ್ಯೂಮಿನಿಯಂ ಪಾತ್ರೆಯಿಟ್ಟು, ಗಡ್ಡೆ ಕುಟ್ಟಿ ಹಾಕಿ, ಶಾಲೆಯಿಂದ ತಂದಿಟ್ಟುಕೊಂಡಿದ್ದ ಉದ್ದನೆಯ ಥರ್ಮಾಮೀಟರನ್ನು ಅದರೊಳಗೆ ಇಳಿಬಿಟ್ಟರು. ಉರಿ ಸಣ್ಣಗೆ ಮಾಡಿದರು.

"ನಿಮಿಷಕ್ಕೊಂದು ಸಲ ನೋಡಿ ಬರ್ಕೋ."

ಬರೆದೆ. ಸೊನ್ನೆ. ಸೊನ್ನೆ. ಸೊನ್ನೆ. ಅವರು ಚಮಚದಿಂದ ಕಲಕುತ್ತ ಕೂತರು. ಹನ್ನೊಂದನೆಯ ನಿಮಿಷಕ್ಕೂ ಸೊನ್ನೆ. ನನಗೆ ರೇಗಿತು.

"ಮೇಷ್ಟ್ರೇ, ಇದು ಕೆಟ್ಟಿದೆ."

"ಸ್ಟೌ ಉರೀತಿದೆಯಾ?"

"ಉರೀತಿದೆ."

"ಮತ್ತೆ ಆ ಬಿಸಿ ಎಲ್ಲಿಗೆ ಹೋಗ್ತಿದೆ?"

ನಾನು ಬಗ್ಗಿ ಪಾತ್ರೆಯೊಳಗೆ ನೋಡಿದೆ.

"ಒಳಗೆ ಒಂದಕ್ಕೊಂದು ಬಿಗಿಯಾಗಿ ಹಿಡ್ಕೊಂಡಿರೋದನ್ನ ಬಿಡಿಸೋಕೆ ಹೋಗ್ತಿದೆ. ಹಿಡಿತ ಪೂರ್ತಿ ಬಿಡೋವರೆಗೂ ಪಾದರಸ ಒಂದು ಗೆರೆ ಮೇಲೇಳಲ್ಲ. ನೋಡೋರಿಗೆ ಏನೂ ಆಗ್ತಿಲ್ಲ. ಈಗ ನೀನು ಸ್ಟೌ ಆರಿಸಿದ್ರೆ ಇಷ್ಟು ಹೊತ್ತು ಕೊಟ್ಟಿದ್ದೂ ದಂಡ."

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಅಮ್ಮ ಬಾಗಿಲಿಗೆ ಬಂದು, "ಇದೇನು, ಇಲ್ಲಿ ನೀರಿಗೂ ಅಡುಗೆ ಶುರುವಾಯ್ತಾ?" ಎಂದರು. ಮೇಷ್ಟ್ರು ಅವರನ್ನೂ ಕೂರಿಸಿ ತೋರಿಸಿದರು. ಅಮ್ಮನವರು ಕನ್ನಡಕ ಹಣೆಗೇರಿಸಿ, ಕೊನೆಯ ಚೂರು ಕರಗಿ ಪಾದರಸ ಒಂದು ಗೆರೆ ಏಳುವವರೆಗೂ ಅಲ್ಲಾಡದೆ ನೋಡಿದರು. ಹೊರಡುವಾಗ, "ಇನ್ನೆರಡು ತಿಂಗಳು. ಆದರೆ ಈ ಸೊನ್ನೆಗಳನ್ನ ನಾನು ಮೇಲಿನ ಕಚೇರಿಗೆ ಹೇಗೆ ಕಳಿಸಲಿ?" ಎಂದರು.

ಮೇಷ್ಟ್ರು ಅಡಿಪಟ್ಟಿ ತಗೊಂಡು ರಿಜಿಸ್ಟರಿನಲ್ಲಿ ನಾಲ್ಕನೆಯ ಅಂಕಣ ಎಳೆದರು. ಅದಕ್ಕೆ 'ಒಳಗೆ ಹೋದದ್ದು' ಎಂದು ತಲೆಬರಹ ಕೊಟ್ಟರು.

ಆ ಅಂಕಣ ತುಂಬಲೇಬೇಕಾದ್ದರಿಂದ ನಾನು ಮೊದಲ ಸಲ ಕಣ್ಣು ಬಿಟ್ಟು ನೋಡಲು ಕಲಿತೆ. ಒಂದು ಗುರುವಾರ ಗಡ್ಡ ಬೋಳಿಸಿದ್ದರು. ಕುರ್ಚಿ ಒಂದು ಗೇಣು ನನ್ನ ಕಡೆ ತಿರುಗಿತ್ತು. ಯಾವ ಬಸ್ಸಿಗೆ ಬಂದೆ ಎಂದು ಕೇಳಿದರು. ಹೆಂಡತಿ ಒಣಹಾಕಿದ ಬಟ್ಟೆಯನ್ನು ತಾವೇ ಮಡಿಚಿಟ್ಟಿದ್ದರು, ಅಂಚಿಗೆ ಅಂಚು ಕೂಡಿಸಿ.

ಇಪ್ಪತ್ತನೆಯ ಗುರುವಾರ ಮೇಷ್ಟ್ರು ತಾವೂ ಬರುತ್ತೇನೆಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತವರು ಸಮಾಧಾನ, ಸಾಂತ್ವನ ಒಂದನ್ನೂ ಹೇಳಲಿಲ್ಲ. ನೇರವಾಗಿ, "ನಂಗೊಂದು ಅನುಮಾನ. ಅಷ್ಟು ಉದ್ದ ಹಗ್ಗದಲ್ಲಿ ಭಾರ ತೂಗಾಡೋಕೆ ಶುರುವಾದ್ರೆ ಹೇಗ್ರೀ ನಿಲ್ಲಿಸ್ತೀರಿ? ಬ್ರೇಕ್ ಹಾಕ್ತೀರಾ?" ಎಂದರು.

ಕಿಟಕಿಯ ಕಡೆಯಿಂದ ಒಂದು ಸಣ್ಣ ನಗೆ ಬಂತು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗೆ.

"ಬ್ರೇಕ್ ಹಾಕಿದ್ರೆ ಇನ್ನೂ ತೂಗುತ್ತೆ. ಅದರ ಹಿಂದೆ ಹೋಗ್ಬೇಕು ಮೇಷ್ಟ್ರೇ."

ಅವರು ಎದ್ದರು. ಟವೆಲಿನ ತುದಿಗೆ ಬೀಗ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ತೂಗಾಡಿಸಿದರು. "ನೋಡಿ, ಭಾರ ಆ ಕಡೆ ಹೋಗಿ, ತುದೀಲಿ ಒಂದು ಗಳಿಗೆ ನಿಲ್ಲುತ್ತಲ್ಲ, ಅಷ್ಟರಲ್ಲಿ ನಾವು ಕ್ರೇನನ್ನ ಅದರ ನೆತ್ತಿ ಮೇಲೆ ತಂದುಬಿಡ್ಬೇಕು. ಆಗ ಅದು ಹಾಗೇ ನಿಂತ್ಬಿಡುತ್ತೆ." ಕೈ ಸರಕ್ಕನೆ ಮುಂದೆ ಹೋಯಿತು. ಬೀಗ ನೇತಾಡುವುದನ್ನು ಮರೆತ ಹಾಗೆ ನಿಂತುಬಿಟ್ಟಿತು. ಮೇಷ್ಟ್ರು ಪ್ರಯತ್ನಿಸಿದರು, ಬೀಗ ಅವರ ಮೊಣಕಾಲಿಗೆ ಬಡಿಯಿತು. ಇಬ್ಬರೂ ನಕ್ಕರು. ಲೋಲಕದ ಪಾಠವನ್ನು ಹತ್ತೊಂಬತ್ತು ವರ್ಷ ಮಾಡಿದವರು ಅವತ್ತು ವಿದ್ಯಾರ್ಥಿಯಾಗಿ ಕೂತರು.

ಖುಷಿ ಹೆಚ್ಚಾದರೆ ಮೇಷ್ಟ್ರ ನಾಲಿಗೆಗೆ ಬೀಗ ಇರುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಮಂಜುಗಡ್ಡೆಯ ಕಥೆಯನ್ನೂ ಹೇಳಿಬಿಟ್ಟರು. ಹೇಗೆ ಇವಳು ಅತ್ತಳು, ಹೇಗೆ ಸೊನ್ನೆ ಸೊನ್ನೆ ಬರೆದಳು, ಹೇಗೆ ನಾಲ್ಕನೆಯ ಅಂಕಣ ಬಂತು.

ಮೇಲಿನವರು ಟವೆಲಿನ ಗಂಟು ಬಿಚ್ಚುತ್ತಿದ್ದವರು ನಿಲ್ಲಿಸಿದರು. "ನಾನು ಗಡ್ಡ ತೆಗೆದದ್ದೂ ಬರ್ಕೊಂಡಿದ್ದೀಯಾ?" ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿದೆ.

"ಮೇಷ್ಟ್ರೇ, ನಾನು ಮಂಜುಗಡ್ಡೆ ಅಲ್ಲ. ಮಂಜುಗಡ್ಡೆಗೆ ತನ್ನನ್ನ ಯಾರೋ ನೋಡ್ತಿದ್ದಾರೆ ಅಂತ ಗೊತ್ತಾಗಲ್ಲ. ಹೋಗಿಬನ್ನಿ."

ಬೀದಿಗೆ ಬಂದ ಮೇಲೆ ಮೇಷ್ಟ್ರು ಒಂದು ಮೋಟುಗೋಡೆಯ ಮೇಲೆ ಕೂತುಬಿಟ್ಟರು. ಮುಖ ಸಣ್ಣದಾಗಿತ್ತು. "ಜನ್ಮವೆಲ್ಲ ಮಾತಾಡದ ವಸ್ತುಗಳ ಪಾಠ ಮಾಡಿದೆ ಕಣಮ್ಮ. ಅವು ಯಾವತ್ತೂ ನೊಂದ್ಕೊಳ್ಳಲಿಲ್ಲ," ಎಂದರು. ಜೇಬಿನ ಸೀಮೆಸುಣ್ಣ ಹೊರಗೆ ತೆಗೆದು, ಮತ್ತೆ ಒಳಗಿಟ್ಟು, "ಆ ಲೆಕ್ಕ ನಮಗೆ ತಾಳ್ಮೆ ಕಲಿಸೋಕೆ ಇತ್ತು. ಅವರನ್ನ ಅಳೆಯೋಕೆ ಅಲ್ಲ. ನಾನು ಎರಡನ್ನೂ ಕಲಸಿಬಿಟ್ಟೆ," ಎಂದರು.

ಮುಂದಿನ ಗುರುವಾರ ಒಬ್ಬಳೇ ಹೋದೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲೇ ತಟ್ಟಿದೆ. ತೆಗೆದರು. ನನ್ನ ಹೆಗಲ ಮೇಲಿಂದ ಮೆಟ್ಟಿಲ ಕಡೆ ನೋಡಿ, "ಮೇಷ್ಟ್ರು ಬರಲಿಲ್ವಾ?" ಎಂದರು.

"ಬರೋಕೆ ಮುಖ ಇಲ್ಲ ಅಂದ್ರು."

"ಒಳ್ಳೇ ಮನುಷ್ಯ," ಎಂದರು. ಕೂತರು, ಈ ಸಲ ನನ್ನ ಎದುರಿಗೆ. ನಾನು ಚೀಲದಿಂದ ಪೆನ್ನು ತೆಗೆಯಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು.

"ಮೇಷ್ಟ್ರಿಗೆ ಒಂದು ಮಾತು ಹೇಳದೆ ಬಿಟ್ಟೆ," ಎಂದರು. "ಅವತ್ತೂ ಭಾರ ತೂಗಾಡ್ತಿತ್ತು. ನಾನು ಅದರ ಹಿಂದೆ ಹೋದೆ. ಪದ್ಧತಿ ಪ್ರಕಾರವೇ ಹೋದೆ, ಎರಡು ಮಾರು. ಅಲ್ಲಿ ಹಗ್ಗ ಹರೀತು. ಹೋಗದೆ ಇದ್ದಿದ್ರೆ ಖಾಲಿ ನೆಲದ ಮೇಲೆ ಬೀಳ್ತಿತ್ತೋ ಏನೋ. ವಿಚಾರಣೇಲಿ ಹಗ್ಗದ ವಿಷಯ ಕೇಳಿದ್ರು. ಇದನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ."

ನಿಮ್ಮ ತಪ್ಪಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹದಿನಾರು ಸಲ ಹೇಳಿದ್ದ ಮಾತು. ನುಂಗಿಕೊಂಡೆ.

"ಇದನ್ನ ಮೇಷ್ಟ್ರಿಗೆ ಹೇಳ್ಲಾ?" ಎಂದಷ್ಟೇ ಕೇಳಿದೆ.

"ಹೇಳು. ಲೆಕ್ಕ ಮಾಡೋಕೆ ಬರುತ್ತಾ ಅಂತ ಕೇಳು."

ಮೇಷ್ಟ್ರು ಕೇಳಿಸಿಕೊಂಡು ಕಾಗದ ಎಳೆದುಕೊಂಡರು. ಹಗ್ಗದ ಉದ್ದ, ಭಾರದ ತೂಕ, ಕ್ರೇನಿನ ವೇಗ, ತಿಳಿದದ್ದು ತಿಳಿಯದ್ದು ಎಲ್ಲ ಬರೆದರು. ಮೂರು ದಿನ ಊಟದ ಬಿಡುವಿನಲ್ಲೂ ಅದೇ. ವರ್ಕ್‌ಶಾಪಿಗೆ ಹೋಗಿ ಫೋರ್‌ಮನ್ನನ್ನು ಕಾಡಿ ಅಳತೆ ತಂದರು. ನಾನು ಉತ್ತರ ಏನೇ ಬಂದರೂ 'ತಪ್ಪಿಲ್ಲ' ಎಂದೇ ಹೇಳುತ್ತಾರೆ ಎಂದುಕೊಂಡಿದ್ದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಗುರುವಾರ ಆರು ಹಾಳೆ ಹಿಡಿದು ಅವರ ಮುಂದೆ ಕೂತ ಮೇಷ್ಟ್ರು, "ಮೊದಲು ಅವತ್ತಿನದಕ್ಕೆ ಕ್ಷಮಿಸಿ," ಎಂದರು. "ಇದು ಲೆಕ್ಕ. ಭಾರ ಎಷ್ಟು ತೂಗಾಡ್ತಿತ್ತು, ಹಗ್ಗ ಯಾವ ಗಳಿಗೇಲಿ ಹರೀತು, ಇವೆರಡು ಗೊತ್ತಿಲ್ಲದೆ ಉತ್ತರ ಬರಲ್ಲ. ಅವು ಇನ್ನು ಯಾರಿಗೂ ಗೊತ್ತಾಗಲ್ಲ. ಒಂದು ರೀತಿ ಹಿಡಿದ್ರೆ ನೀವು ಹೋಗದಿದ್ರೂ ಆ ಫಿಟ್ಟರ್ ಮೇಲೇ ಬೀಳ್ತಿತ್ತು. ಇನ್ನೊಂದು ರೀತಿ ಹಿಡಿದ್ರೆ ಮೂರು ಅಡಿ ಆಚೆ ಬೀಳ್ತಿತ್ತು. ನನ್ನಿಂದ ಇದಕ್ಕಿಂತ ಮುಂದೆ ಹೋಗೋಕೆ ಆಗಲಿಲ್ಲ. ಸುಳ್ಳು ಹೇಳೋಕೆ ಮನಸ್ಸಿಲ್ಲ."

ಅವರು ಆರು ಹಾಳೆಗಳನ್ನೂ ಒಂದೊಂದಾಗಿ ನೋಡಿದರು. ಒಂದು ಕಡೆ ಬೆರಳಿಟ್ಟು, "ಕ್ರೇನಿನ ವೇಗ ಇಷ್ಟಿಲ್ಲ, ಹಳೇ ಮೋಟಾರು," ಎಂದರು. ಮೇಷ್ಟ್ರು ತಿದ್ದಿಕೊಂಡರು. ಆಮೇಲೆ ಅವರು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಅಷ್ಟು ದೊಡ್ಡ ಹೆಗಲು ಅಲುಗುವುದನ್ನು ನೋಡಲಾರದೆ ನಾನು ಅಡುಗೆಕೋಣೆಗೆ ನೀರು ತರಲು ಹೋದೆ.

"ಎಲ್ಲರೂ ಮರೆತುಬಿಡು ಮರೆತುಬಿಡು ಅಂದ್ರು," ಎನ್ನುವುದು ಕೇಳಿಸಿತು. "ಕೂತು ಲೆಕ್ಕ ಯಾರೂ ಮಾಡಲಿಲ್ಲ ಮೇಷ್ಟ್ರೇ. ನಾಲ್ಕು ವರ್ಷ ಇದೇ ಕುರ್ಚೀಲಿ ನಾನೊಬ್ಬನೇ ಮಾಡ್ತಿದ್ದೆ."

ನೀರು ಕುಡಿದು ಲೋಟ ಕೆಳಗಿಟ್ಟು, "ಆ ಫಿಟ್ಟರನ ಅಕ್ಕನಿಗೆ ಇದು ಗೊತ್ತಾಗ್ಬೇಕು," ಎಂದರು. "ಎರಡು ಬೀದಿ ಆಚೆ ಇಸ್ತ್ರಿ ಅಂಗಡಿ. ಈಗಲೇ ಹೋಗೋಣ. ನಾಳೆ ಅಂದ್ರೆ ಆಗಲ್ಲ."

ನಲವತ್ತೆರಡು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಮಹಡಿಯ ತಿರುವಿನಲ್ಲಿ ಕಟಕಟೆ ಹಿಡಿದು ಕೂತುಬಿಟ್ಟರು. ಬೆವರು ಅಂಗಿಗಿಳಿದಿತ್ತು. ನಾನು ಕೈ ಹಿಡಿಯಲು ಹೋದೆ, ಮೇಷ್ಟ್ರು ಕಣ್ಣಲ್ಲೇ ಬೇಡವೆಂದರು. ಮೇಷ್ಟ್ರೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತು, ತಮ್ಮ ಮೊಣಕಾಲು ನೋವಿನ ಪುರಾಣ ತೆಗೆದರು. ಮೇಲೆ ಹತ್ತಲು ಬಂದ ಎದುರುಮನೆಯ ಅಜ್ಜಿ ಇವರನ್ನು ನೋಡಿ ಗೋಡೆಗೆ ಸರಿದು ನಿಂತಳು. ಅವರು ತಾವಾಗಿ ಎದ್ದು ಇಳಿಯುವವರೆಗೂ ಹಾಗೇ ನಿಂತಿದ್ದಳು.

ಇಸ್ತ್ರಿ ಅಂಗಡಿ ಬೀದಿಯ ಮೂಲೆಯಲ್ಲಿತ್ತು. ಅಕ್ಕ ಗಟ್ಟಿ ಆಳು, ಅರೆನೆರೆತ ತಲೆ. ಬಾಗಿಲಲ್ಲಿ ನಿಂತವರನ್ನು ನೋಡಿದಳು, ಗುರುತು ಹತ್ತಿತು, ಆದರೂ ಇಸ್ತ್ರಿ ಓಡಿಸುವುದು ನಿಲ್ಲಿಸಲಿಲ್ಲ. ಅವರು ನಿಂತಲ್ಲೇ ಎಲ್ಲ ಹೇಳಿದರು. ಭಾರದ ಹಿಂದೆ ಎರಡು ಮಾರು ಹೋದದ್ದು, ವಿಚಾರಣೆಯಲ್ಲಿ ಅವರು ಕೇಳದೆ ಬಿಟ್ಟದ್ದು, ತಾವು ಹೇಳದೆ ಬಿಟ್ಟದ್ದು. ಆರು ಹಾಳೆ ಮುಂದೆ ಹಿಡಿದರು.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಹಾಳೆಗಳನ್ನು ಮುಟ್ಟಲಿಲ್ಲ.

"ನಿಮ್ಮ ಕ್ರೇನಿನ ವಿಷಯ ನಂಗೆ ತಿಳಿಯಲ್ಲ," ಎಂದಳು. "ಎರಡು ಬೀದಿ. ಎರಡೇ ಎರಡು ಬೀದಿ! ನಾಲ್ಕು ವರ್ಷ ಯಾಕೆ ಬರಲಿಲ್ಲ? ನನ್ನ ತಮ್ಮ ಮಾತೆತ್ತಿದ್ರೆ ಮೇಲಿನವರು ಹೀಗಂದ್ರು, ಮೇಲಿನವರು ಹಾಗಂದ್ರು ಅಂತಿದ್ದ. ಅವನ ವಿಷಯ ಮಾತಾಡ್ಕೊಳ್ಳೋಕೆ ನಂಗೆ ಒಬ್ಬರು ಬೇಕಿತ್ತು. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಕಾದೆ. ಕಾಗದ ಹಿಡ್ಕೊಂಡು ಬಂದಿದ್ದಾರೆ ಈಗ!"

ಅವರು ಚಾಚಿದ್ದ ಹಾಳೆಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟೆಯ ಗಂಟು ಇಟ್ಟಿದ್ದ ಸ್ಟೂಲನ್ನು ಖಾಲಿ ಮಾಡಿ, ಕಾಲಿನಿಂದ ಮುಂದೆ ತಳ್ಳಿದಳು.

"ಕೂತ್ಕೊಳ್ಳಿ. ಅವನು ಊಟದ ಹೊತ್ತಲ್ಲಿ ನಿಮ್ಮ ಹತ್ರ ಏನು ಮಾತಾಡ್ತಿದ್ದ, ಅದನ್ನ ಹೇಳಿ."

ನಾವಿಬ್ಬರೂ ಸದ್ದಿಲ್ಲದೆ ಹೊರಗೆ ಬಂದೆವು.

ಮಾರನೆಯ ದಿನ ಅವರು ಮತ್ತೆ ಇಳಿದರಂತೆ. ಅದರ ಮಾರನೆಯ ದಿನ ಇಳಿಯಲಿಲ್ಲ. ಹೀಗೆ ಇಳಿಯುವ ದಿನ, ಇಳಿಯದ ದಿನ ಬೆರೆತು ಬೆರೆತು ಒಂದು ವರ್ಷ ಕಳೆಯಿತು. ಕ್ರೇನನ್ನು ಅವರು ಮತ್ತೆ ಹತ್ತಲೇ ಇಲ್ಲ. ಆದರೆ ವರ್ಕ್‌ಶಾಪಿನವರು ವಾರಕ್ಕೆರಡು ದಿನ ಹೊಸಬರಿಗೆ ಹಗ್ಗ ಪರೀಕ್ಷಿಸುವುದನ್ನು ಕಲಿಸಲು ಕರೆದರು, ಹೋದರು. ಸಂಜೆ ಬಿಸ್ಕತ್ತು ಕಾರ್ಖಾನೆಯ ಗೇಟಿನ ಮುಂದೆ ಹೆಂಡತಿಗಾಗಿ ಕಾಯುತ್ತ ನಿಂತಿರುವುದನ್ನು ನಾನೇ ಎಷ್ಟೋ ಸಲ ಬಸ್ಸಿನಿಂದ ಕಂಡಿದ್ದೇನೆ. ಆಕೆ ಒಮ್ಮೆ ಕಚೇರಿಗೆ ಬಂದು, "ಈಗ ಮನೇಲಿ ಕೂರಿ ಅಂದ್ರೂ ಕೂರಲ್ಲ," ಎಂದು ದೂರು ಹೇಳಿದಳು. ದೂರು ಹೇಳುವಾಗ ಎಷ್ಟು ಚೆನ್ನಾಗಿ ನಗುತ್ತಿದ್ದಳು!

ಫೈಲು ಮುಚ್ಚುವಾಗ ಮೂರನೆಯ ಅಂಕಣದಲ್ಲಿ ಏನು ಬರೆಯಲಿ ಎಂದು ಮೇಷ್ಟ್ರನ್ನು ಕೇಳಿದೆ. "ಆ ಅಕ್ಕ ಹೇಳಿದ್ದನ್ನ ಬರಿ," ಎಂದರು. "ಮಹಡಿ ಮೇಲೊಬ್ಬರು, ಎರಡು ಬೀದಿ ಆಚೆ ಒಬ್ಬರು, ಇಬ್ಬರೂ ಒಂದೇ ದುಃಖ ಹಿಡ್ಕೊಂಡು ಕೂತಿದ್ರು. ನಾನು ಇವರೊಬ್ಬರನ್ನೇ ಹಿಡಿದು ಅಷ್ಟೆಲ್ಲ ಲೆಕ್ಕ ಹಾಕಿದೆ. ಎರಡು ವಸ್ತು ಇದ್ದಾಗ ಒಂದನ್ನೇ ನೋಡ್ಬಾರದು ಅಂತ ಮಕ್ಕಳಿಗೆ ಮೊದಲ ವಾರದಲ್ಲೇ ಹೇಳಿಕೊಡ್ತಿದ್ದೆ. ನಂಗೇ ಮರೆತುಹೋಗಿತ್ತು."

ಈಗ ನಾನು ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಪಾಠ ಮಾಡುತ್ತೇನೆ. ಅವರ ಕೈಯಲ್ಲಿ ಕಂಪ್ಯೂಟರು, ಬಣ್ಣಬಣ್ಣದ ನಕ್ಷೆ. ಒಬ್ಬ ಹುಡುಗಿ ಮೊನ್ನೆ, "ಮೇಡಂ, ಮನುಷ್ಯರಿಗೆ ಭೌತಶಾಸ್ತ್ರ ಅನ್ವಯಿಸುತ್ತಾ?" ಎಂದು ಕೇಳಿದಳು. ಅನ್ವಯಿಸುತ್ತದೆ ಎನ್ನಲೂ ಬಾಯಿ ಬರಲಿಲ್ಲ, ಇಲ್ಲ ಎನ್ನಲೂ ಬರಲಿಲ್ಲ. ಈ ಕಥೆಯನ್ನೇ ಹೇಳಿದೆ.

ಮೇಷ್ಟ್ರನ್ನೂ ಮೇಲಿನವರನ್ನೂ ನಾನು ಕೊನೆಯದಾಗಿ ನೋಡಿದ್ದು ನನಗೆ ವರ್ಗವಾಗಿ ಊರು ಬಿಟ್ಟ ದಿನ. ನನ್ನನ್ನು ಕಳಿಸಿಕೊಡಲು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಮೇಷ್ಟ್ರು ನನ್ನ ಟ್ರಂಕು ಮೇಲೇರಿಸಿ, ದಾರಿಯಲ್ಲಿ ತಿನ್ನಲು ಬಾಳೆಹಣ್ಣು ಕೊಟ್ಟು, ಎಚ್ಚರಿಕೆಯ ಮಾತು ನೂರು ಹೇಳಿದರು. ಅಷ್ಟರಲ್ಲಿ ಎದುರಿನ ಹೊಸ ಕಟ್ಟಡದಲ್ಲಿ ಕ್ರೇನೊಂದು ಕಬ್ಬಿಣದ ತೊಲೆ ಎತ್ತತೊಡಗಿತು. ತೊಲೆ ತೂಗಾಡಿತು. ಇಬ್ಬರೂ ಒಟ್ಟಿಗೆ ಅತ್ತ ತಿರುಗಿದರು. "ಈಗ ಹೋಗ್ಬೇಕು, ಈಗ, ಈಗ!" ಎಂದು ಮೇಲಿನವರು ಕೂಗಿದರು. "ಇರ್ರೀ, ಇನ್ನೂ ತುದಿಗೆ ಬಂದಿಲ್ಲ," ಎಂದರು ಮೇಷ್ಟ್ರು.

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕೈ ಬೀಸಿದೆ. ಇಬ್ಬರೂ ನನಗೆ ಬೆನ್ನು ಹಾಕಿ, ಕತ್ತೆತ್ತಿ, ಗಟ್ಟಿಯಾಗಿ ವಾದ ಮಾಡುತ್ತಲೇ ಇದ್ದರು.